ಬಿದ್ದ ಮೇಲಿನ ನಿಯಮ

ನಮ್ಮ ಸೈಪ್ರೆಸ್ ಮನೆಯ ಹಾಲಿನಲ್ಲಿ ಟೀಪಾಯಿ ಇರಲಿಲ್ಲ. ಹ್ಯೂಸ್ಟನ್ನಿನ ಆ ಭಾಗದಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಬೀದಿಯ ಉಳಿದ ಕನ್ನಡದವರ ಮನೆಗಳಲ್ಲಿ ಸೋಫಾದ ಮುಂದೆ ಗಾಜಿನ ಟೀಪಾಯಿ, ಅದರ ಮೇಲೆ ಹಿತ್ತಾಳೆಯ ಉರುಳಿ, ಅದರೊಳಗೆ ಪ್ಲಾಸ್ಟಿಕ್ ತಾವರೆ ಇರುತ್ತಿದ್ದವು. ನಮ್ಮಲ್ಲಿ ಆ ಜಾಗ ಖಾಲಿ. ಬಂದವರು ಕಾಫಿ ಲೋಟ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂರುತ್ತಿದ್ದರು. ಆದರೆ ಆ ಖಾಲಿ ಜಾಗವಿಲ್ಲದೆ ನಮ್ಮ ಸಂಸಾರ ನಡೆಯುವಂತಿರಲಿಲ್ಲ. ಬೆಳಗ್ಗೆ ಅಪ್ಪ ಅಲ್ಲಿ ಅಂಗಾತ ಮಲಗಿ ಬೆನ್ನು ಸಡಿಲಿಸುತ್ತಿದ್ದ. ಸಂಜೆ ಅಲ್ಲೇ ಚಕ್ಕಳಮಕ್ಕಳ ಹಾಕಿ ಪ್ರಾರ್ಥನೆ ಮಾಡುತ್ತಿದ್ದ. ನಡುವೆ ಮನಸ್ಸು ಬಂದಾಗ ನನ್ನನ್ನು ಕಾರ್ಪೆಟ್ಟಿನ ಮೇಲೆ ಕೆಡವಿ ರಗ್ಬಿಯ ನಿಯಮ ಹೇಳಿಕೊಡುತ್ತಿದ್ದ. ಆ ಜಾಗದ ಅಂಚಿನಲ್ಲಿ, ಅಡುಗೆಮನೆಗೆ ಹೋಗುವ ದಾರಿಯಲ್ಲಿ, ಅಜ್ಜಿಯ ಮರದ ಕುರ್ಚಿ. ಯಾರೇ ಅಡುಗೆಮನೆಗೆ ಹೋಗಬೇಕಾದರೂ ಅವಳ ಮುಂದೆಯೇ ಹಾದು ಹೋಗಬೇಕು. ಕುರ್ಚಿಯನ್ನು ಅಲ್ಲಿಟ್ಟವಳೂ ಅವಳೇ. ಯಾರು ಏನು ತಿಂದರು ಎಂಬ ಲೆಕ್ಕ ತಪ್ಪಬಾರದಲ್ಲ.

ಅಪ್ಪ ಸಮೋವಾದವನು. ಪೆಸಿಫಿಕ್ ಸಾಗರದ ನಡುವಿನ ಆ ದ್ವೀಪದಲ್ಲಿ ಹುಟ್ಟಿ, ರಗ್ಬಿ ಆಡುತ್ತ ಊರೂರು ಸುತ್ತಿ, ಕೊನೆಗೆ ಟೆಕ್ಸಸ್‌ಗೆ ಬಂದು ನಿಂತವನು. ಹೆಸರು ಸೆಫೊ. ನಾನು ಅವನನ್ನು ಕರೆಯುತ್ತಿದ್ದದ್ದು 'ತಮಾ' ಎಂದು. ಅವರ ಭಾಷೆಯಲ್ಲಿ ಅಪ್ಪ ಎಂದೇ ಅರ್ಥ. ಅಮ್ಮ ಗಿರಿಜಾ ಧಾರವಾಡದವಳು, ಚಿಪ್ ಟೆಸ್ಟ್ ಮಾಡುವ ಇಂಜಿನಿಯರ್. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ. ಅವಳು ಅಲ್ಲಿ ಓದುತ್ತಿದ್ದಳು, ಅವನು ಆಡುತ್ತಿದ್ದ. ಏಷ್ಯನ್ ಅಂಗಡಿಯಲ್ಲಿ ಉಳಿದಿದ್ದ ಒಂದೇ ಕಟ್ಟು ಕೆಸುವಿನ ಎಲೆಗೆ ಇಬ್ಬರೂ ಕೈ ಹಾಕಿದರು. ಅವಳಿಗೆ ಪತ್ರೊಡೆ ಮಾಡಬೇಕಿತ್ತು. ಅವನಿಗೆ ಅದೇ ಎಲೆಯಲ್ಲಿ ತೆಂಗಿನಕಾಯಿಯ ಗಟ್ಟಿ ಹಾಲು ಸುತ್ತಿ ಬೇಯಿಸಬೇಕಿತ್ತು. ಕಟ್ಟನ್ನು ಅಪ್ಪನೇ ಬಿಟ್ಟುಕೊಟ್ಟನಂತೆ. ಅಮ್ಮ ಇದನ್ನು ಹೇಳುವಾಗಲೆಲ್ಲ, ಆಮೇಲೆ ಅವನು ಸುಲಭವಾಗಿ ಬಿಟ್ಟುಕೊಟ್ಟದ್ದು ಏನೂ ಇಲ್ಲ ಎಂದು ಸೇರಿಸುತ್ತಿದ್ದಳು.

ತಾತ ಹೋದ ಮೇಲೆ ಅಜ್ಜಿ ನಮ್ಮ ಜೊತೆ ಇರಲು ಬಂದಳು. ಆಗ ನಾವು ಡಲ್ಲಾಸ್‌ನಲ್ಲಿ ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅಳಿಯನನ್ನು ಅವಳು ಅಲ್ಲಿಯವರೆಗೆ ಫೋನಿನ ಪರದೆಯಲ್ಲಿ ಮಾತ್ರ ನೋಡಿದ್ದಳು. ಪರದೆಯಲ್ಲಿ ಅವನ ಮುಖ ಮಾತ್ರ ಹಿಡಿಸುತ್ತಿತ್ತು. ಇಡೀ ಮನುಷ್ಯನನ್ನು ಬಾಗಿಲಿನಲ್ಲಿ ಕಂಡಾಗ ಒಂದು ಹೆಜ್ಜೆ ಹಿಂದೆ ಸರಿದಳು. ಒಳಗೆ ಕರೆತಂದು ಅವಳನ್ನು ಸೋಫಾದ ಮೇಲೆ ಕೂರಿಸಿದರು. ಅಪ್ಪ ನೀರು ತರಲು ಅವಳ ಮುಂದೆ ಹಾದು ಹೋಗಬೇಕಾಯಿತು. ಹೋಗುವಾಗ ಸೊಂಟದಿಂದ ಬಾಗಿ, ತಲೆ ತಗ್ಗಿಸಿ, ಕ್ಷಮೆ ಕೇಳುವವನಂತೆ ಮೆಲ್ಲಗೆ "ತುಲೋ" ಎಂದ. ಕೂತ ಹಿರಿಯರ ಮುಂದೆ ನೆಟ್ಟಗೆ ನಡೆಯುವುದು ಸಮೋವಾದಲ್ಲಿ ಮಹಾ ಅಪರಾಧ. ಅವನ ಅಜ್ಜಿ ಅದನ್ನು ಅವನಿಗೆ ಮಾತು ಬರುವ ಮೊದಲೇ ತೆಂಗಿನ ಗರಿಯ ಕಸಬರಿಗೆಯಿಂದ ಕಲಿಸಿದ್ದಳಂತೆ. ನಮ್ಮ ಅಜ್ಜಿಗೆ ಇದೇನೂ ಗೊತ್ತಿರಲಿಲ್ಲ. ಆದರೂ ಅಷ್ಟು ದೊಡ್ಡ ದೇಹ ತನ್ನೆದುರು ಬಾಗಿದ್ದನ್ನು ನೋಡಿ, ಏನಾದರೂ ಹೇಳಲೇಬೇಕೆನಿಸಿ, ಹೇಳಿದಳು.

"ಹಾಯ್ದು ಹೋಗ್ರಿ."

ಅದೇ ರೂಢಿಯಾಯಿತು. ದಿನಕ್ಕೆ ಎಷ್ಟು ಸಲ ಅಪ್ಪ ಅವಳ ಮುಂದೆ ಹೋದರೂ ಬಾಗಿ "ತುಲೋ" ಎನ್ನುವನು, ಅವಳು ಅಕ್ಕಿ ಆರಿಸುತ್ತಲೋ ಟಿವಿ ನೋಡುತ್ತಲೋ "ಹಾಯ್ದು ಹೋಗ್ರಿ" ಎನ್ನುವಳು. ಕೈ ತುಂಬ ತಟ್ಟೆಗಳಿದ್ದರೂ, ಮೊಣಕಾಲು ಊದಿಕೊಂಡಿದ್ದರೂ ಅವನು ಬಾಗುತ್ತಿದ್ದ. ನನ್ನ ಬಾಲ್ಯದ ಮನೆಯ ಸದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಈ ಎರಡು ಮಾತುಗಳನ್ನು.

ಎಲ್ಲವೂ ಹೀಗೆ ಸುಲಭವಾಗಿ ಹೊಂದಿಕೊಂಡಿತೆಂದಲ್ಲ. ಸಂಜೆಯ ಹೊತ್ತು ದೊಡ್ಡ ಜಗಳವಾಗಿತ್ತು. ದೀಪ ಹಚ್ಚುವ ಹೊತ್ತೂ ಅಪ್ಪನ ಪ್ರಾರ್ಥನೆಯ ಹೊತ್ತೂ ಒಂದೇ. ಅವನ ಊರಿನಲ್ಲಿ ಆ ಹೊತ್ತಿಗೆ ಶಂಖ ಊದುತ್ತಾರೆ, ಇಡೀ ಹಳ್ಳಿ ಇದ್ದಲ್ಲೇ ಕೂರುತ್ತದೆ, ಯಾರೂ ಎದ್ದು ಓಡಾಡುವಂತಿಲ್ಲ. ಅಜ್ಜಿಗೆ ಶಂಖದ ಸಂಗತಿ ಮೆಚ್ಚಿಗೆಯಾಯಿತು, ಕೂತಿರಬೇಕೆಂಬುದು ಆಗಲಿಲ್ಲ. ಕೊನೆಗೆ ಅಮ್ಮ ತೀರ್ಪು ಕೊಟ್ಟಳು: ಮೊದಲು ದೀಪ, ಆಮೇಲೆ ಹಾಡು. ಅಜ್ಜಿ ದೀಪ ಹಚ್ಚಿ ಬಂದು ಕುರ್ಚಿಯಲ್ಲಿ ಕೂತ ಮೇಲೆಯೇ ಅಪ್ಪ ದನಿ ತೆಗೆಯುತ್ತಿದ್ದ. ಕೆಲವು ತಿಂಗಳಲ್ಲಿ ಅಜ್ಜಿ ಆ ಕ್ರಿಸ್ತನ ಹಾಡನ್ನು ಒಳಗೊಳಗೇ ಗುನುಗತೊಡಗಿದಳು, ರಾಗ ಮಾತ್ರ ತನ್ನದೇ. ಅಪ್ಪನ ಮಾಂಸದ ಅಡುಗೆ ಹಿತ್ತಲಿನ ಗ್ರಿಲ್ಲಿಗೆ ಹೋಯಿತು. ಮಳೆ ಬಂದ ದಿನ ಅವನು ಛತ್ರಿ ಹಿಡಿದು ಬೇಯಿಸುತ್ತಿದ್ದ, ಅಜ್ಜಿ ಕಿಟಕಿಯಿಂದ ನೋಡಿ "ಪಾಪ" ಎನ್ನುತ್ತಿದ್ದಳು. ಒಳಗೆ ಕರೆಯುತ್ತಿರಲಿಲ್ಲ.

ಈಗ ಅಪ್ಪನ ಆಟದ ಬಗ್ಗೆ ಹೇಳಬೇಕು. ರಗ್ಬಿ ಒಂದೇ ಆಟವಲ್ಲ, ಎರಡು. ಒಂದು ಯೂನಿಯನ್, ಇನ್ನೊಂದು ಲೀಗ್. ದೂರದಿಂದ ನೋಡಿದವರಿಗೆ ಎರಡೂ ಒಂದೇ: ಮೊಟ್ಟೆಯಾಕಾರದ ಚೆಂಡು, ಕಿವಿ ಜಜ್ಜಿಹೋದ ಗಂಡಸರು. ವ್ಯತ್ಯಾಸ ತಿಳಿಯುವುದು ಆಟಗಾರ ಬಿದ್ದ ಮೇಲೆ. ಯೂನಿಯನ್‌ನಲ್ಲಿ ನಿನ್ನನ್ನು ಕೆಡವಿದರೆ ತಕ್ಷಣ ಚೆಂಡು ಬಿಟ್ಟುಬಿಡಬೇಕು. ನೀನು ಸುಮ್ಮನೆ ಬಿದ್ದಿರಬೇಕು, ಉಳಿದವರು ನಿನ್ನ ಮೇಲೆ ನಿಂತು ಗುದ್ದಾಡುತ್ತಾರೆ. ಲೀಗ್‌ನಲ್ಲಿ ಹಾಗಲ್ಲ. ಕೆಡವಿದವರು ದೂರ ಸರಿಯಬೇಕು. ನೀನು ಎದ್ದು ನಿಂತು, ಚೆಂಡನ್ನು ಕಾಲಡಿ ಇಟ್ಟು, ಹಿಂದೆ ನಿಂತ ನಿನ್ನವನಿಗೆ ಅಂಗಾಲಿನಿಂದ ಉರುಳಿಸಬೇಕು. ಆರು ಸಲ ಹೀಗೆ ಬೀಳಬಹುದು, ಆಮೇಲೆ ಚೆಂಡು ಎದುರಾಳಿಗೆ. ಅಪ್ಪ ಎರಡನ್ನೂ ತನ್ನ ದೇಶಕ್ಕಾಗಿ ಆಡಿದವನು. ಮೊದಲು ಯೂನಿಯನ್, ಆಮೇಲೆ ಇಂಗ್ಲೆಂಡಿಗೆ ಹೋಗಿ ಲೀಗ್. ಎರಡೂ ತಂಡಗಳದ್ದು ನೀಲಿ ಅಂಗಿ. ಅವೆರಡೂ ಅಜ್ಜಿಯ ಸೀರೆಗಳ ಕಪಾಟಿನಲ್ಲಿ ನುಸಿಗುಳಿಗೆಯ ಜೊತೆ ಮಡಚಿ ಇದ್ದವು.

ಇದನ್ನೆಲ್ಲ ಅವನು ಕಾರ್ಪೆಟ್ಟಿನ ಮೇಲೆ ನನಗೆ ಹೇಳಿಕೊಡುವಾಗ ಅಜ್ಜಿಯೂ ಕಲಿತಳು. ಅವಳ ಅಣ್ಣಂದಿರು ಕಬಡ್ಡಿ ಆಡಿದವರು, ಹಾಗಾಗಿ ಹಿಡಿಯುವುದು, ಬೀಳುವುದು ಅವಳಿಗೆ ಹೊಸದಲ್ಲ. ಅವಳ ತಕರಾರು ಬೇರೆ.

"ಹಿಡದು ಕೆಡವಿದ ಮ್ಯಾಲೂ ಔಟ್ ಇಲ್ಲಂದ್ರ ಅದೆಂಥಾ ಆಟರಿ? ಮನಷ್ಯಾ ಯಾವಾಗ ಹೊರಗ ಬರಬೇಕು?"

ನಾನು ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅಪ್ಪ ಬಹಳ ಹೊತ್ತು ನಕ್ಕ.

ನಮ್ಮ ಮನೆಯ ಜಗಳಗಳನ್ನೂ ನಾನು ಈ ನಿಯಮಗಳಿಂದಲೇ ವಿಂಗಡಿಸುತ್ತಿದ್ದೆ. ಅಜ್ಜಿಯದು ಯೂನಿಯನ್. ಒಂದು ಮಾತು ಕೆಳಗೆ ಬಿದ್ದರೆ ಸಾಕು, ಹಳೆಯ ಮಾತುಗಳೆಲ್ಲ ಓಡಿಬಂದು ಅದರ ಮೇಲೆ ರಾಶಿ ಬೀಳುತ್ತಿದ್ದವು. ಅಮ್ಮನದು ಲೀಗ್. ಮಾತು ನಿಂತಲ್ಲಿ ಎದ್ದು, ಉಸಿರು ತೆಗೆದುಕೊಂಡು, ಅದೇ ವಿಷಯವನ್ನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಅಪ್ಪ ಅಮ್ಮ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಸಿಟ್ಟು ಏರಿದಾಗ ಅವಳು ಕನ್ನಡಕ್ಕೆ ಬರುವಳು, ಅವನು ಮೌನಕ್ಕೆ ಹೋಗುವನು. ನಾನು ಯಾರ ಪಕ್ಷವೂ ಆಗಿರಲಿಲ್ಲ. ಇಬ್ಬರು ದೊಡ್ಡವರ ನಡುವೆ ಕೂತು ನಿಯಮ ಮಾತ್ರ ನೋಡುವ ಅಭ್ಯಾಸ ನನಗೆ ಅಂಟಿದ್ದು ಆಗಲೇ. ಅದರಿಂದ ನನಗೆ ಒಳ್ಳೆಯದೂ ಆಗಿದೆ, ಕೆಲವರು ನನ್ನನ್ನು ಕಲ್ಲುಮನಸ್ಸಿನವಳು ಎಂದದ್ದೂ ಇದೆ.

ಡಲ್ಲಾಸ್‌ನ ತಂಡ ಅಪ್ಪನನ್ನು ಬಿಟ್ಟಾಗ ಆಸ್ಟಿನ್‌ಗೆ ಹೋದೆವು. ಅಮ್ಮನಿಗೆ ಪಕ್ಕದ ಟೇಲರ್‌ನ ಚಿಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಆಸ್ಟಿನ್ ತಂಡವೂ ಮುಗಿದಾಗ ಹ್ಯೂಸ್ಟನ್ ತಂಡ ಕರೆಯಿತು. ಅಮ್ಮ ಕೆಲಸ ಬಿಡಲಿಲ್ಲ. ಸೋಮವಾರ ನಸುಕಿನಲ್ಲಿ ಟೇಲರ್‌ಗೆ ಡ್ರೈವ್ ಮಾಡಿ ಹೋಗಿ, ಗುರುವಾರ ಸಂಜೆ ಸೈಪ್ರೆಸ್‌ಗೆ ಬರುತ್ತಿದ್ದಳು. ಹಾಗಾಗಿ ವಾರದ ಬಹುಭಾಗ ಮನೆಯಲ್ಲಿ ಅಜ್ಜಿ, ಅಪ್ಪ, ನಾನು. ಭಾಷೆ ಅರ್ಧಂಬರ್ಧ ತಿಳಿದ ಅತ್ತೆ ಅಳಿಯ ಅಷ್ಟು ಸಮಾಧಾನದಿಂದ ಇದ್ದದ್ದನ್ನು ನೋಡಿದರೆ, ಪೂರ್ತಿ ತಿಳಿಯದಿರುವುದೇ ಒಳ್ಳೆಯದೇನೋ.

ಆ ಹೊತ್ತಿಗೆ ಅಪ್ಪನ ವಯಸ್ಸಿನವರೆಲ್ಲ ಆಟ ಬಿಟ್ಟಿದ್ದರು. ಅವನು ಬಿಡದಿರಲು ಒಂದೇ ಕಾರಣ. ಯೂನಿಯನ್ ಬಿಟ್ಟು ಲೀಗ್‌ಗೆ ಹೋದದ್ದನ್ನು ಅವನ ಊರಿನ ಹಿರಿಯರು ಮನೆ ಬಿಟ್ಟು ಹೋದಂತೆ ನೋಡಿದ್ದರು. ಬಿಡುವ ಮೊದಲು ಒಂದು ಸಲ ಯೂನಿಯನ್‌ನ ನೀಲಿ ಅಂಗಿ ತೊಟ್ಟು, ಶುರು ಮಾಡಿದಲ್ಲೇ ಮುಗಿಸಬೇಕೆಂಬುದು ಅವನ ಆಸೆ. ಸಮೋವಾದ ಆಯ್ಕೆಗಾರರು ಆ ವರ್ಷ ಟೆಕ್ಸಸ್‌ನ ಪಂದ್ಯಗಳನ್ನೂ ನೋಡುತ್ತಿದ್ದರು. ಆದರೆ ಸೀಸನ್ನಿನ ಆರಂಭದಲ್ಲಿ ಡಲ್ಲಾಸ್‌ಗೆ ಪಂದ್ಯ ಆಡಲು ಹೋದಾಗ ಅವನ ತಲೆಗೆ ಪೆಟ್ಟು ಬಿತ್ತು. ಕೆಲವು ವಾರ ಬೆಳಕು ಆಗುತ್ತಿರಲಿಲ್ಲ. ಹಾಲಿನ ಪರದೆ ಎಳೆದು, ಟೀಪಾಯಿಯಿಲ್ಲದ ಜಾಗದಲ್ಲಿ ಕಣ್ಣು ಮುಚ್ಚಿ ಮಲಗಿರುತ್ತಿದ್ದ. ಗುಣವಾದ ಮೇಲೆ ಅಮ್ಮ ಊಟದ ಮೇಜಿನಲ್ಲಿ ಅವನ ಎದುರು ಕೂತಳು.

"ಇನ್ನೊಂದು ಸಲ ತಲೆಗೆ ಏಟು ಬಿದ್ರ ಮುಗೀತು, ಸೆಫೊ. ಅಂಗಿ ಗಿಂಗಿ ಏನೂ ಹೇಳಬ್ಯಾಡ. ನಿಂಗ ಹಂಗ ಆತಂದ್ರ ನೀನಽ ಹೇಳಬೇಕು."

ಕನ್ನಡದಲ್ಲಿ ಹೇಳಿದ್ದರಿಂದ ಮಾತಿನ ತೂಕ ಅವನಿಗೆ ಗೊತ್ತಾಯಿತು. "ಹೇಳ್ತೀನ್ರಿ" ಎಂದ. ಅಜ್ಜಿಯಿಂದ ಕಲಿತ ಕನ್ನಡ. ಎಲ್ಲರಿಗೂ 'ರಿ' ಹಚ್ಚುತ್ತಿದ್ದ.

ಅದಾದ ಮೇಲೆ ವಸಂತದಲ್ಲಿ ಒಂದು ಮಂಗಳವಾರ. ಅಪ್ಪ ಪ್ರಾಕ್ಟೀಸ್ ಮುಗಿಸಿ ಬಂದ, ಚೀಲ ಇಟ್ಟ, ನೀರು ಕುಡಿಯಲು ಅಡುಗೆಮನೆಗೆ ಹೋದ. ನಾನು ನೆಲದ ಮೇಲೆ ಹೋಮ್‌ವರ್ಕ್ ಮಾಡುತ್ತಿದ್ದೆ. ಏನೋ ಸದ್ದು ನಿಂತಂತಾಗಿ ತಲೆಯೆತ್ತಿದೆ. ನಿಂತದ್ದು ಸದ್ದಲ್ಲ, ಬರಬೇಕಾದ ಸದ್ದು ಬಂದಿರಲಿಲ್ಲ. ಅಜ್ಜಿ "ಹಾಯ್ದು" ಎನ್ನಲು ಬಾಯಿ ತೆರೆದವಳು ಹಾಗೇ ಕೂತಿದ್ದಳು. ಅಪ್ಪ ಅವಳ ಮುಂದೆ ನೆಟ್ಟಗೆ ನಡೆದು ಹೋಗಿದ್ದ. ಮರಳಿ ಬರುವಾಗಲೂ ನೆಟ್ಟಗೇ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ, ನನ್ನ ತಲೆ ನೇವರಿಸಿಯೇ ಮೇಲೆ ಹೋದ. ಅಂದು ರಾತ್ರಿಯ ಫೋನಿನಲ್ಲಿ ಅಜ್ಜಿ ಅಮ್ಮನಿಗೆ ಹೇಳಿದಳು.

"ಗಿರಿಜಾ, ಇವತ್ತ ಅಳಿಯಂದ್ರು ಬಾಗಲಿಲ್ಲವ್ವಾ."

"ದಣದಿರಬೇಕು ಬಿಡವ್ವ," ಎಂದಳು ಅಮ್ಮ. "ನಿನಗೂ ಅದೊಂದು ಚಟಾ ಆಗೇತಿ."

ಅಜ್ಜಿ ಫೋನನ್ನು ನನ್ನ ಕೈಗೆ ಕೊಟ್ಟಳು. ಆದರೆ ಮರುದಿನದಿಂದ ಅವನು ಹಾದು ಹೋಗುವಾಗಲೆಲ್ಲ ಕೈಯಲ್ಲಿನ ಕೆಲಸ ನಿಲ್ಲಿಸಿ ನೋಡುತ್ತಿದ್ದಳು. ಕೆಲವು ಸಲ ಬಾಗಿದ, ಕೆಲವು ಸಲ ಇಲ್ಲ.

ಶನಿವಾರ ಹ್ಯೂಸ್ಟನ್ನಿನಲ್ಲೇ ಪಂದ್ಯ. ಎದುರು ತಂಡ ಯಾವುದೆಂದು ಈಗ ನೆನಪಿಲ್ಲ. ಸೆಖೆ ನೆನಪಿದೆ. ಅಜ್ಜಿ ತಲೆಯ ಮೇಲೆ ಸೆರಗು, ಅದರ ಮೇಲೆ ತಂಡದ ಟೋಪಿ ಹಾಕಿಕೊಂಡು ಕೆಳಗಿನ ಸಾಲಿನಲ್ಲಿ ಕೂತಿದ್ದಳು. ಅಮ್ಮನ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ. ಪಕ್ಕದಲ್ಲಿ ನಮ್ಮ ಬೀದಿಯ ರಮೇಶ್ ಅಂಕಲ್, ಬೆಂಗಳೂರಿನವರು, ಮೊದಲ ಬಾರಿ ರಗ್ಬಿ ನೋಡಲು ಬಂದಿದ್ದರು. ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಅಪ್ಪ ಚೆಂಡು ಹಿಡಿದು ನಮ್ಮ ಕಡೆಯೇ ಓಡಿ ಬಂದ. ಇಬ್ಬರು ಸೊಂಟಕ್ಕೆ ಬಿದ್ದು ಕೆಡವಿದರು. ಅಂಥ ಜೋರಿನ ಪೆಟ್ಟೇನಲ್ಲ. ಆಡುತ್ತಿದ್ದದ್ದು ಯೂನಿಯನ್; ಚೆಂಡು ಬಿಡಬೇಕಿತ್ತು. ಅಪ್ಪ ಬಿಡಲಿಲ್ಲ. ಎದ್ದು ನಿಂತ. ಚೆಂಡನ್ನು ಕಾಲಡಿ ಇಟ್ಟು, ಅಂಗಾಲಿನಿಂದ ಹಿಂದಕ್ಕೆ ಉರುಳಿಸಿದ. ಅಚ್ಚುಕಟ್ಟಾಗಿ, ಕಾರ್ಪೆಟ್ಟಿನ ಮೇಲೆ ನನಗೆ ತೋರಿಸುತ್ತಿದ್ದ ಹಾಗೆಯೇ. ಹಿಂದೆ ಅವನವರು ಯಾರೂ ಇರಲಿಲ್ಲ. ಎದುರಾಳಿಯೊಬ್ಬ ಚೆಂಡು ಎತ್ತಿಕೊಂಡು ಓಡಿದ. ಅಪ್ಪ ಮಾತ್ರ ಅಲ್ಲೇ ನಿಂತು ಹಿಂದೆ ನೋಡುತ್ತಿದ್ದ, ಇರಬೇಕಾದ ಮನುಷ್ಯ ಎಲ್ಲಿ ಹೋದ ಎಂಬಂತೆ.

ಜನ ನಕ್ಕರು. ಮೈಕಿನವನು ಹಳೆಯ ಲೀಗ್ ಚಾಳಿ ಎಂದೇನೋ ತಮಾಷೆ ಮಾಡಿದ.

"ಏನಮ್ಮಾ, ನಿಮ್ಮಪ್ಪ ಫುಟ್ಬಾಲ್ ಅನ್ಕೊಂಡ್ಬಿಟ್ರಾ?" ಎಂದು ರಮೇಶ್ ಅಂಕಲ್ ನಕ್ಕರು.

ಅಮ್ಮ ಡಬ್ಬಿಯ ಮುಚ್ಚಳ ಹಾಕಿದಳು. ಅದನ್ನು ನನ್ನ ಕೈಗಿಟ್ಟು ಮೆಟ್ಟಿಲಿಳಿದು ಅಂಚಿನ ಕಂಬಿಯ ಬಳಿ ಹೋದಳು. ಇಡೀ ಸ್ಟೇಡಿಯಂನಲ್ಲಿ ನಗದವರು ನಾವು ಮೂವರು. ಅವನು ಮಾಡಿದ್ದು ಎಡವಟ್ಟಲ್ಲ ಎಂದು ನಮಗೆ ಗೊತ್ತಿತ್ತು. ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು, ಆಟ ಮಾತ್ರ ಬೇರೆಯದು. ನನಗೆ ಭಯವಾಯಿತು. ಅಷ್ಟು ಸ್ಪಷ್ಟವಾದ ಭಯ ಆಮೇಲೆ ನನಗೆ ಹೆಚ್ಚು ಬಂದಿಲ್ಲ.

ಅಮ್ಮ ಹೇಳಿದ್ದಕ್ಕೆ ತಂಡದ ಡಾಕ್ಟರು ಅಪ್ಪನನ್ನು ಮೈದಾನದಿಂದ ಕರೆಸಿ, ಒಳಗಿನ ಕೋಣೆಗೆ ಒಯ್ದು ಪ್ರಶ್ನೆ ಕೇಳಿದರು. ಯಾವ ಮೈದಾನ, ಯಾವ ಅರ್ಧ, ಹೋದ ವಾರ ಯಾರ ಜೊತೆ ಆಡಿದಿರಿ, ಗೆದ್ದಿರಾ. ಎಲ್ಲದಕ್ಕೂ ಸರಿಯಾದ ಉತ್ತರ ಕೊಟ್ಟ. ಒಂಟಿಗಾಲಿನಲ್ಲಿ ನಿಲ್ಲು ಎಂದರೆ ನಿಂತ. ಆಡಬಹುದು ಎಂದರು. ಅವನು ಮರಳಿ ಮೈದಾನಕ್ಕೆ ಹೋಗುವ ಮೊದಲು ನಮಗೆ ಹೇಳಲು ಕಂಬಿಯ ಬಳಿ ಬಂದ. ಮುಖದಲ್ಲಿ ಗೆದ್ದ ಹುಡುಗನ ನಗು.

"ಎಲ್ಲಾ ಸರಿ ಹೇಳಿದೆ," ಎಂದ ಇಂಗ್ಲಿಷಿನಲ್ಲಿ. "ಅದೊಂದು ಹಳೇ ಚಾಳಿ, ಅಷ್ಟೇ."

ಆಗ ಅಜ್ಜಿ ಕೂತಲ್ಲಿಂದಲೇ ಮಾತಾಡಿದಳು. ಕೂಗಲಿಲ್ಲ.

"ಮಂಗಳವಾರ ನನ್ನ ಮುಂದ ನೀವು ಬಾಗಲಿಲ್ಲರಿ."

ಅಪ್ಪ ನನ್ನ ಕಡೆ ನೋಡಿದ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನ ನಗು ಹೋಗಲಿಲ್ಲ, ಆದರೆ ಅದರ ಹಿಂದೆ ಯಾರೂ ಇದ್ದಂತಿರಲಿಲ್ಲ.

"ಬಾಗಿದೆ," ಎಂದ.

"ಇಲ್ಲರಿ. ಮಂಗಳವಾರ ಬಾಗಲಿಲ್ಲ. ಗುರುವಾರ ಗಿರಿಜಾ ಬಂದಾಗ ಬಾಗಿದ್ರಿ. ನಿನ್ನೆ ಮತ್ತ ಇಲ್ಲ."

ಇದಕ್ಕೆ ಅನುವಾದ ಬೇಕಾಗಲಿಲ್ಲ. ಅವನು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಮಂಗಳವಾರ ಪ್ರಾಕ್ಟೀಸಿನಲ್ಲಿ ಯಾರದೋ ಮೊಣಕಾಲು ತಲೆಗೆ ತಗುಲಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ನಮಗೂ ಅದು ಗೊತ್ತಾದದ್ದು ಆಮೇಲೆ. ಡಾಕ್ಟರ ಪ್ರಶ್ನೆಗಳಿಗೆ ಅವನು ತಯಾರಾಗಿದ್ದ, ಎಲ್ಲ ಆಟಗಾರರೂ ತಯಾರಾಗಿರುತ್ತಾರೆ. ಇದಕ್ಕೆ ಯಾರು ತಯಾರಾಗಿರುತ್ತಾರೆ? ಯೂನಿಯನ್ನಿಗೂ ಮೊದಲು, ಲೀಗಿಗೂ ಮೊದಲು, ಮಾತಿಗೂ ಮೊದಲು ಮೈಗೆ ಬಂದದ್ದು ಆ ಬಾಗುವಿಕೆ. ಅದು ಹೋಗಿದ್ದರೂ, ಹೋದದ್ದು ಅವನಿಗೆ ತಿಳಿದಿರಲಿಲ್ಲ.

"ಔಟ್ ಆದವ ತಾನಽ ಹೊರಗ ಬರಬೇಕ್ರಿ," ಎಂದಳು ಅಜ್ಜಿ. "ಹೊರಗ ಕುಂತವ ಸತ್ತಂಗ ಅಲ್ಲ."

ಅಪ್ಪ ಕಂಬಿಯ ಆಚೆ ಹುಲ್ಲಿನ ಮೇಲೆ ಕೂತ. ಬೂಟಿನ ಲೇಸು ಬಿಚ್ಚತೊಡಗಿದ. ಗಂಟು ಬಿಗಿದಿತ್ತು, ಅಮ್ಮ ಕಂಬಿಯ ಸಂದಿಯಿಂದ ಕೈ ಚಾಚಿ ಅದನ್ನು ಬಿಡಿಸಿದಳು. ಡಾಕ್ಟರಿಗೆ ಏನು ಹೇಳಬೇಕೋ ಅದನ್ನು ಅವನೇ ಹೇಳಿದ. ಆ ಪಂದ್ಯವನ್ನು ಯಾರು ಗೆದ್ದರೆಂದು ನಾವು ನೋಡಲಿಲ್ಲ.

ಸಮೋವಾದಿಂದ ಫೋನು ಬಂದದ್ದು ಹರಿಕೇನ್ ಸೀಸನ್ನು ಶುರುವಾದ ಮೇಲೆ. ಅವನು ಆಡುವುದು ಬಿಟ್ಟ ಸುದ್ದಿ ಅಲ್ಲಿಗೆ ಸರಿಯಾಗಿ ಮುಟ್ಟಿರಲಿಲ್ಲ. ಅಮ್ಮ ಮನೆಯಲ್ಲೇ ಇದ್ದಳು, ಅಜ್ಜಿ ಕುರ್ಚಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪ ಹಾಲಿನ ನಡುವೆ ನಿಂತು ಮಾತಾಡಿದ. ಅವನ ದನಿ ಮೊದಲು ಏರಿತು. ನೀಲಿ ಅಂಗಿಯ ಕರೆಯೇ ಎಂದು ನಮಗೆ ಅದರಿಂದಲೇ ಗೊತ್ತಾಯಿತು. ಅಮ್ಮ ಒಲೆ ಆರಿಸಿದಳು. ಅವನ ಭಾಷೆಯ ಕೆಲವೇ ಪದಗಳು ನನಗೆ ಬರುತ್ತಿದ್ದವು. ಅವುಗಳಲ್ಲಿ 'ಇಲ್ಲ' ಒಂದು, 'ಉಪಕಾರವಾಯಿತು' ಇನ್ನೊಂದು. ಎರಡೂ ಕೇಳಿಸಿದವು. ಆಮೇಲೆ ಆ ಕಡೆಯವರು ಬಹಳ ಹೊತ್ತು ಮಾತಾಡಿದರು, ಅವನು 'ಇಲ್ಲ' ಎಂಬುದನ್ನೇ ಮತ್ತೊಮ್ಮೆ ಹೇಳಿದ.

ಫೋನು ಇಟ್ಟು ಅವನು ಅಡುಗೆಮನೆಯ ಕಡೆ ಹೊರಟ. ಅಜ್ಜಿಯ ಮುಂದೆ ಬಂದಾಗ ಸೊಂಟದಿಂದ ಬಾಗಿ, ತಲೆ ತಗ್ಗಿಸಿ, "ತುಲೋ" ಎಂದ. ಬಾಗಿದವನು ಮೇಲೇಳಲಿಲ್ಲ. ಅವನ ಬೆನ್ನು ಅಲುಗುತ್ತಿತ್ತು. ಅಜ್ಜಿ ಕಾಳಿನ ತಟ್ಟೆಯನ್ನು ತೊಡೆಯಿಂದ ಕೆಳಗಿಟ್ಟಳು. ಅಷ್ಟು ವರ್ಷಗಳಿಂದ ಹೇಳುತ್ತ ಬಂದ ಮಾತನ್ನು ಅಂದು ಹೇಳಲಿಲ್ಲ.

"ಕೂಡ್ರಿ," ಎಂದಳು.